ದುಡ್ಡು ಮನೆಯವರ ಕೈಗೆ, ಎಂಜಿನಿಯರ್ ಪಕ್ಕದಲ್ಲಿ

ನೆರೆ ಬಂದು ಊರು ಮುಳುಗಿದಾಗ, ಗುಡ್ಡ ಜರಿದು ಮನೆ ಹೋದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ಒಂದೇ: ಸರ್ಕಾರ ಇವರಿಗೆ ಮನೆ ಕಟ್ಟಿಸಿಕೊಡಲಿ. ನ್ಯಾಯವಾದ ಮಾತು. ಆದರೆ ಆಮೇಲೆ ನಡೆಯುವುದೂ ಬಹುಮಟ್ಟಿಗೆ ಒಂದೇ ಥರ. ಊರಾಚೆ ಹತ್ತಿಪ್ಪತ್ತು ಎಕರೆ ಜಮೀನು ಗುರುತಾಗುತ್ತದೆ, ಟೆಂಡರ್ ಆಗುತ್ತದೆ, ಗುತ್ತಿಗೆದಾರ ಬರುತ್ತಾನೆ, ಒಂದೇ ಅಳತೆಯ ಮನೆಗಳು ಸಾಲಾಗಿ ಏಳುತ್ತವೆ, ಸಮಾರಂಭದಲ್ಲಿ ಕೀಲಿಕೈ ಹಂಚುತ್ತಾರೆ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಎಷ್ಟೋ ಬಾಗಿಲುಗಳ ಮುಂದೆ ಜಾಲಿ ಬೆಳೆದಿರುತ್ತದೆ. 2009ರ ಅಕ್ಟೋಬರ್ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ಎದ್ದ ಬಡಾವಣೆಗಳಲ್ಲಿ ಹಲವು ಕಡೆ ಆದದ್ದು ಇದೇ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕಾಳಿನ ಚೀಲ ಎಲ್ಲಿಡಬೇಕು, ಅಣ್ಣತಮ್ಮಂದಿರ ಮನೆ ಯಾವ ಬೀದಿಗೆ ಹೋಯಿತು. ಇಂಥ ಪ್ರಶ್ನೆಗಳಿಗೆ ನಕಾಶೆಯಲ್ಲಿ ಉತ್ತರವಿರಲಿಲ್ಲ. ಜನ ಹಳೆಯ ಊರಿಗೇ ಮರಳಿದರು, ಮುಂದಿನ ನೆರೆಗೆ ಮತ್ತೆ ಮುಳುಗಿದರು.

ಪರಿಸರಸ್ನೇಹಿ ಕಟ್ಟಡ, ಸುಸ್ಥಿರ ನಗರ ಎಂದ ಕೂಡಲೇ ನಾವು ಸಾಮಗ್ರಿಯ ಚರ್ಚೆಗೆ ಇಳಿಯುತ್ತೇವೆ. ಮಣ್ಣೋ ಸಿಮೆಂಟೋ, ಬಿದಿರೋ ಉಕ್ಕೋ, ಸೋಲಾರ್ ಎಷ್ಟು, ಮಳೆನೀರು ಎಷ್ಟು. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 8ರ ಆಸುಪಾಸು ಸಿಮೆಂಟ್ ಒಂದರಿಂದಲೇ ಬರುತ್ತಿರುವಾಗ ಆ ಚರ್ಚೆ ಬೇಕೇ ಬೇಕು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಮನೆ ಹೇಗಿರಬೇಕೆಂದು ತೀರ್ಮಾನಿಸುವವರು ಯಾರು? ದುಡ್ಡು ಯಾರ ಕೈಯಲ್ಲಿ ಓಡಾಡುತ್ತದೆ? ನಾಳೆ ಗೋಡೆ ಬಿರುಕು ಬಿಟ್ಟರೆ ಅದನ್ನು ಸರಿಮಾಡುವ ವಿದ್ಯೆ ಆ ಓಣಿಯಲ್ಲಿ ಯಾರಿಗಿದೆ? ಈ ಪ್ರಶ್ನೆಗಳಿಗೆ ನಮ್ಮ ದೇಶದಲ್ಲೇ, ಲಕ್ಷಾಂತರ ಮನೆಗಳ ಲೆಕ್ಕದಲ್ಲಿ, ಉತ್ತರ ಹುಡುಕಿದ ಜಾಗವೊಂದಿದೆ. ಅದು ಗುಜರಾತಿನ ಕಛ್.

2001ರ ಭೂಕಂಪದ ನಂತರದ ಕಛ್‌ನ ಕಥೆ ಅರ್ಥವಾಗಬೇಕಾದರೆ ಅದಕ್ಕೂ ಸುಮಾರು ಎಂಟು ವರ್ಷ ಹಿಂದಕ್ಕೆ, ನಮ್ಮ ಗಡಿಯ ಹತ್ತಿರಕ್ಕೆ ಬರಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ನೆಲ ಅಲುಗಿತು. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ತಡವಾಗಿ ಮಲಗಿದ್ದ ಜನ. ಬೀದರ್, ಕಲಬುರಗಿಗಳಲ್ಲೂ ಮಂದಿ ಗಾಬರಿಯಿಂದ ಹೊರಗೋಡಿದರು. ಸತ್ತವರು ಎಂಟು ಸಾವಿರದಷ್ಟು. ಸತ್ತದ್ದು ಬಹುಪಾಲು ಕಲ್ಲು–ಮಣ್ಣಿನಡಿ ಸಿಕ್ಕಿ. ಆ ಸೀಮೆಯ ಮಾಳಿಗೆ ಮನೆ ಬೀದರ್–ಕಲಬುರಗಿಯವರಿಗೆ ಗೊತ್ತಿದ್ದದ್ದೇ: ಕಾಡುಗಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಇನ್ನಷ್ಟು ಮಣ್ಣು ಹಾಕುವ ರೂಢಿ. ಅಜ್ಜನ ಕಾಲದ ಮನೆಯ ಮಾಳಿಗೆ ಮೊಮ್ಮಗನ ಕಾಲಕ್ಕೆ ಎರಡರಷ್ಟು ದಪ್ಪ, ಎರಡರಷ್ಟು ಭಾರ. ಗೋಡೆಯ ಒಳಮುಖ, ಹೊರಮುಖ ಎರಡೂ ಬೇರೆಬೇರೆ ಪದರ. ನಡುವೆ ತುಂಬಿದ್ದು ಸಣ್ಣಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ನೆಲ ಅಲುಗಿದಾಗ ಹೊರಮುಖ ಹೊರಕ್ಕೆ ಉಬ್ಬಿ ಸುರಿಯಿತು, ಆಧಾರ ತಪ್ಪಿದ ಮಾಳಿಗೆ ಮಲಗಿದವರ ಮೇಲೆ ಬಿತ್ತು.

ಆದ್ದರಿಂದ ಹಿಂದಿನವರು ಕಟ್ಟಿದ್ದೆಲ್ಲ ಶ್ರೇಷ್ಠ, ಮಣ್ಣೆಂದರೆ ತಾಯಿ ಎಂದು ಸುಮ್ಮನೆ ಭಾವುಕರಾಗುವವರ ಜತೆ ನಾನಿಲ್ಲ. ಲಾತೂರಿನ ಗೋಡೆಗಳನ್ನು ಮೊದಮೊದಲು ಕಟ್ಟಿದವರಿಗೆ ಕಲ್ಲನ್ನು ಕಚ್ಚಿಸುವುದು ಗೊತ್ತಿತ್ತೋ ಏನೋ, ಆದರೆ ಆ ಕೈಚಳಕ ತಲೆಮಾರಿನಿಂದ ತಲೆಮಾರಿಗೆ ಸವೆದುಹೋಗಿ ಭಾರವೊಂದೇ ಉಳಿದಿತ್ತು.

ಲಾತೂರಿನಲ್ಲಿ ಸರ್ಕಾರ ಹಿಡಿದ ದಾರಿ ಸ್ಥಳಾಂತರದ್ದು. 52 ಊರುಗಳನ್ನು ಹೊಸ ಜಾಗಕ್ಕೆ ಎತ್ತಲಾಯಿತು. ಅಗಲ ರಸ್ತೆ, ಚೌಕಾಕಾರದ ನಿವೇಶನ, ಕಾಂಕ್ರೀಟ್ ಮನೆ. ಉದ್ದೇಶ ಒಳ್ಳೆಯದೇ. ಆದರೆ ಊರು ಹಿಂದಿನದಕ್ಕಿಂತ ಹಲವು ಪಟ್ಟು ಹರಡಿಕೊಂಡದ್ದರಿಂದ ನೀರಿನ ಕೊಳವೆಯೂ ರಸ್ತೆಯೂ ಪಂಚಾಯಿತಿಗೆ ಹೊರಲಾರದ ಹೊರೆಯಾದವು. ಅಂಗಳದ ಸುತ್ತ ಬೆಳೆದಿದ್ದ ವಾಡೆಯ ಬದುಕು ಸಾಲುಮನೆಯೊಳಗೆ ಹಿಡಿಸಲಿಲ್ಲ. ಜನ ಆ ಮನೆಗಳ ಪಕ್ಕದಲ್ಲೇ ತಗಡು, ಕಲ್ಲು ಸೇರಿಸಿ ತಮಗೆ ಬೇಕಾದ ಮನೆಯನ್ನು ಮತ್ತೆ ಕಟ್ಟಿಕೊಳ್ಳತೊಡಗಿದರು, ಯಾವ ಮುನ್ನೆಚ್ಚರಿಕೆಯೂ ಇಲ್ಲದೆ. ಕೋಟಿಗಟ್ಟಲೆ ಖರ್ಚಾದ ಮೇಲೂ ಊರಿನ ಮೇಸ್ತ್ರಿಗೆ ಭೂಕಂಪಕ್ಕೆ ತಡೆಯುವ ಗೋಡೆ ಹೇಗೆ ಕಟ್ಟಬೇಕೆಂಬುದು ಗೊತ್ತಾಗಿರಲಿಲ್ಲ. ಕಟ್ಟಿದವನು ಹೊರಗಿನ ಗುತ್ತಿಗೆದಾರ. ಅವನ ಜತೆಗೇ ವಿದ್ಯೆಯೂ ಹೊರಟುಹೋಯಿತು.

2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ 7.7 ತೀವ್ರತೆಯ ಭೂಕಂಪ ಆದಾಗ ಗುಜರಾತ್ ಸರ್ಕಾರದ ಮುಂದೆ ಇದ್ದ ಮಾದರಿ ಇದೇ ಲಾತೂರಿನದು. ಸತ್ತವರು ಅಧಿಕೃತ ಲೆಕ್ಕದಲ್ಲೇ ಹದಿಮೂರು ಸಾವಿರಕ್ಕೂ ಹೆಚ್ಚು. ಅಂಜಾರ್ ಪಟ್ಟಣದ ಕಿರಿದಾದ ಓಣಿಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೆ ಎರಡೂ ಬದಿಯ ಮನೆಗಳು ಕುಸಿದವು. ಭುಜ್ ನಗರದ ಕೋಟೆಯೊಳಗಿನ ಗಲ್ಲಿಗಳು ಕಲ್ಲಿನ ರಾಶಿಯಿಂದ ಮುಚ್ಚಿಹೋಗಿ, ಬದುಕಿದ್ದವರನ್ನು ಎತ್ತಲೂ ಒಳಗೆ ಹೋಗಲಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದ್‌ನಲ್ಲಿ ಹೊಚ್ಚಹೊಸ ಅಪಾರ್ಟ್‌ಮೆಂಟ್‌ಗಳು ಕುಳಿತುಬಿಟ್ಟವು. ಅವುಗಳಲ್ಲಿ ಹೆಚ್ಚಿನವು ನೆಲಮಟ್ಟದಲ್ಲಿ ಗೋಡೆಯೇ ಇಲ್ಲದೆ, ಪಾರ್ಕಿಂಗ್‌ಗೆಂದು ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳು. ನಮ್ಮ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಗಲ್ಲಿಗಲ್ಲಿಯಲ್ಲೂ ಅಂಥವೇ ಇವೆ.

ಇಷ್ಟರ ನಡುವೆ ಭೂಕಂಪದ ಸೀಮೆಯಲ್ಲೇ ಹೆಚ್ಚಾಗಿ ನಿಂತ ಮನೆಗಳಿದ್ದವು: ಬನ್ನಿ ಹುಲ್ಲುಗಾವಲಿನ ಭುಂಗಾ. ಹತ್ತಿರದಿಂದ ನೋಡಿದರೆ ತೀರಾ ಸರಳ. ಮೂರರಿಂದ ಆರು ಮೀಟರ್ ಅಡ್ಡಳತೆಯ ದುಂಡು ಕೋಣೆ. ಹಸಿ ಇಟ್ಟಿಗೆಯದೋ, ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದೋ ಆದ ಗಿಡ್ಡ ಗೋಡೆ. ಗೋಡೆಯಿಂದ ಗೋಡೆಗೆ ಒಂದು ಅಡ್ಡ ತೊಲೆ, ಅದರ ನಡುಮಧ್ಯ ನಿಂತ ಮೋಟುಗಂಬ, ಆ ಕಂಬದ ತಲೆಯಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಇಳಿಯುವ ಗಳು, ಮೇಲೆ ಹುಲ್ಲಿನ ಹೊದಿಕೆ. ಸೂರು ತಗ್ಗಾಗಿ ಚಾಚಿರುವುದರಿಂದ ಗೋಡೆಗೆ ನೇರ ಬಿಸಿಲು ಬೀಳದು. ಕಿಟಕಿಗಳು ಚಿಕ್ಕವು, ತಗ್ಗಿನವು, ನೆಲದಲ್ಲಿ ಕೂತವರಿಗೆ ಗಾಳಿ ಸಿಗುವಂಥವು. ಹೊರಗೆ 45 ಡಿಗ್ರಿ ಕಾಯುವ ಮಧ್ಯಾಹ್ನದಲ್ಲೂ ಒಳಗೆ ಕೂರಬಹುದು. ಒಂದು ಮನೆತನಕ್ಕೆ ಒಂದೇ ಜಗಲಿಯ ಮೇಲೆ ಎರಡು ಮೂರು ಭುಂಗಾ: ಮಲಗಲು ಒಂದು, ಅಡುಗೆಗೆ ಒಂದು, ಮಗನ ಮದುವೆಯಾದರೆ ಮತ್ತೊಂದು. ಒಳಗೋಡೆಯ ಮೇಲೆ ಹೆಂಗಸರು ಜೇಡಿಮಣ್ಣು, ಸಗಣಿ ಕಲಸಿ ಉಬ್ಬುಗೆರೆಯ ಚಿತ್ತಾರ ಬರೆದು, ಕನ್ನಡಿಯ ಚೂರು ಕೂರಿಸುತ್ತಾರೆ. ಲಿಪ್ಪಣ್ ಎಂದು ಅದಕ್ಕೆ ಹೆಸರು. ಮಣ್ಣು ಮೆತ್ತುವ ಹೊತ್ತಿನಲ್ಲೇ ಗೋಡೆಯ ಬಿರುಕು, ಗೆದ್ದಲು, ತೇವ ಎಲ್ಲವೂ ಮನೆಯವರ ಕಣ್ಣಿಗೆ ಬಿದ್ದು ರಿಪೇರಿಯೂ ಆಗಿಬಿಡುತ್ತದೆ.

ದುಂಡು ಗೋಡೆಗೆ ಮೂಲೆಯಿಲ್ಲ, ಭೂಕಂಪದಲ್ಲಿ ಮೊದಲು ಬಾಯಿಬಿಡುವುದೇ ಮೂಲೆ. ಬಲ ಯಾವ ಕಡೆಯಿಂದ ಬಂದರೂ ಗೋಡೆ ಸುತ್ತಲೂ ಹಂಚಿಕೊಳ್ಳುತ್ತದೆ. ತಲೆಯ ಮೇಲಿರುವುದು ಹುಲ್ಲು. ಬಿದ್ದರೂ ಜೀವ ತೆಗೆಯುವಷ್ಟು ಭಾರವಿಲ್ಲ. 1819ರಲ್ಲೂ ಕಛ್‌ನಲ್ಲಿ ಭಾರಿ ಭೂಕಂಪ ಆಗಿತ್ತು, ಭುಂಗಾದ ರೂಪ ಗಟ್ಟಿಯಾದದ್ದು ಆ ಅನುಭವದಿಂದಲೇ ಎಂದು ಅಲ್ಲಿನವರು ನಂಬುತ್ತಾರೆ. ಎಲ್ಲ ಭುಂಗಾಗಳೂ ಉಳಿದವು ಎಂದಲ್ಲ. ಹುಲ್ಲಿನ ಬದಲು ಹೆಂಚು ಹೊದಿಸಿದ, ಕಲ್ಲು–ಮಣ್ಣಿನಲ್ಲಿ ಗೋಡೆ ಎಬ್ಬಿಸಿದ ಭುಂಗಾಗಳು ಅಷ್ಟು ಚೆನ್ನಾಗಿ ತಾಳಲಿಲ್ಲ. ಬನ್ನಿಯ ಲುಡಿಯಾ ಊರನ್ನು ಮತ್ತೆ ಕಟ್ಟುವಾಗ, ಊರವರು ತಮಗೆ ದುಂಡು ಮನೆಯೇ ಬೇಕೆಂದರು. ಅಲ್ಲಿ ಅವರ ಜತೆ ಕೆಲಸ ಮಾಡಿದ್ದು ಬಾಲಕೃಷ್ಣ ದೋಶಿ ಸ್ಥಾಪಿಸಿದ ವಾಸ್ತುಶಿಲ್ಪ ಫೌಂಡೇಶನ್. ಬೆಂಗಳೂರಿನ ಐಐಎಂನ ಕಲ್ಲಿನ ಕಾರಿಡಾರುಗಳನ್ನು ನೋಡಿದವರಿಗೆ ದೋಶಿ ಹೆಸರು ಗೊತ್ತು. ಲುಡಿಯಾದಲ್ಲಿ ಮನೆಯ ಜಾಗ, ಗಾತ್ರ, ನೆರೆಹೊರೆ ಯಾವುದು ಎಂಬುದನ್ನು ನಿರ್ಧರಿಸಿದವರು ಊರವರೇ.

ಆದರೆ ಕಛ್‌ನ ದೊಡ್ಡ ಪಾಠ ಭುಂಗಾ ಅಲ್ಲ. ಅದು ಬನ್ನಿಯ ಹವೆಗೆ, ಬನ್ನಿಯ ದನಗಾಹಿಗಳ ಬದುಕಿಗೆ ಹುಟ್ಟಿದ್ದು. ಬೇರೆ ಕಡೆ ಹೊತ್ತೊಯ್ದರೆ ರೆಸಾರ್ಟ್ ಅಲಂಕಾರವಾಗುತ್ತದೆ, ಆಗಿಯೂ ಇದೆ. ದೊಡ್ಡ ಪಾಠ ಇರುವುದು ದುಡ್ಡಿನ ದಾರಿಯಲ್ಲಿ.

ಸರ್ಕಾರ ಮೊದಲು ಮುಂದಿಟ್ಟದ್ದು ಊರು ಸ್ಥಳಾಂತರಿಸುವ, ದೊಡ್ಡ ಕಂಪನಿಗಳಿಗೂ ಸಂಸ್ಥೆಗಳಿಗೂ ಊರನ್ನು ದತ್ತು ಕೊಡುವ ಯೋಜನೆ. ಬಹುಪಾಲು ಹಳ್ಳಿಗಳು ಒಪ್ಪಲಿಲ್ಲ. 1998ರ ಚಂಡಮಾರುತದ ಹೊತ್ತಿನಲ್ಲಿ ಒಂದಾಗಿದ್ದ ಸ್ಥಳೀಯ ಸಂಸ್ಥೆಗಳ ಒಕ್ಕೂಟ, ಕಛ್ ನವನಿರ್ಮಾಣ ಅಭಿಯಾನ, ಊರೂರು ತಿರುಗಿ ಜನ ಏನನ್ನುತ್ತಾರೆಂದು ಕೇಳಿ ಸರ್ಕಾರದ ಮುಂದಿಟ್ಟಿತು. ಕೊನೆಗೆ ತೀರ್ಮಾನವಾದದ್ದು: ಮನೆ ಕಳಕೊಂಡವರ ಬ್ಯಾಂಕ್ ಖಾತೆಗೆ ಹಣ ನೇರವಾಗಿ ಹೋಗಲಿ, ಅವರ ಜಾಗದಲ್ಲೇ ಅವರು ಕಟ್ಟಿಕೊಳ್ಳಲಿ. ಪೂರ್ತಿ ಬಿದ್ದ ಮನೆಗೆ ಹೆಚ್ಚೆಂದರೆ 90,000 ರೂಪಾಯಿ, ಮೂರು ಕಂತಿನಲ್ಲಿ. ಒಂದು ಹಂತ ಮುಗಿದು, ಎಂಜಿನಿಯರ್ ಬಂದು ನೋಡಿ, ಭೂಕಂಪ ತಡೆಯಲು ಗೋಡೆಯ ಸುತ್ತ ಹಾಕುವ ಕಾಂಕ್ರೀಟ್ ಪಟ್ಟಿಗಳು ಸರಿಯಾಗಿವೆ ಎಂದರೆ ಮಾತ್ರ ಮುಂದಿನ ಕಂತು. ಎಷ್ಟೋ ಮನೆಗಳಿಗೆ ಅದೇ ಮೊದಲ ಬ್ಯಾಂಕ್ ಖಾತೆ. ಹೀಗೆ ಸುಮಾರು ಎರಡು ಲಕ್ಷ ಮನೆಗಳು ಹೊಸದಾಗಿ ಎದ್ದವು, ಒಂಬತ್ತು ಲಕ್ಷಕ್ಕೂ ಹೆಚ್ಚು ಮನೆಗಳು ರಿಪೇರಿಯಾದವು.

ಹಣ ಕೊಟ್ಟು ಕೈತೊಳೆದುಕೊಂಡಿದ್ದರೆ ಇದೂ ಕೆಡುತ್ತಿತ್ತು. ಊರುಗಳ ಗುಂಪಿಗೊಂದರಂತೆ ಅಭಿಯಾನವು ‘ಸೇತು’ ಕೇಂದ್ರಗಳನ್ನು ತೆರೆಯಿತು. ಕಂತು ಬಂದಿಲ್ಲವೆಂದರೆ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ, ಸಿಮೆಂಟ್ ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ಹೋಗಿ ಕೇಳುವ ಜಾಗ ಅದು. ಜತೆಗೆ ಸಾವಿರಾರು ಗಾರೆ ಕೆಲಸದವರಿಗೆ ತರಬೇತಿ. ಪಾಯದ ಮೇಲೊಂದು, ಕಿಟಕಿ–ಬಾಗಿಲ ಮೇಲೆ ಲಿಂಟಲ್ ಮಟ್ಟದಲ್ಲೊಂದು, ಸೂರಿನ ಮಟ್ಟದಲ್ಲೊಂದು ಪಟ್ಟಿ. ಮೂಲೆಮೂಲೆಗೆ ನೆಟ್ಟಗೆ ನಿಂತ ಸರಳು. ಕಲ್ಲಿನ ಗೋಡೆಯಾದರೆ ಎರಡೂ ಮುಖ ಮುಟ್ಟುವ ಉದ್ದ ಕಲ್ಲು. ಇಷ್ಟನ್ನು ಮೇಸ್ತ್ರಿಗಳಿಗೆ ಬಾಯಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ. ‘ಇಷ್ಟು ವರ್ಷ ಕಟ್ಟಿದ್ದೇನೆ, ನನಗೇ ಹೇಳಿಕೊಡ್ತೀರಾ’ ಎಂಬ ಮಾತು ಎಲ್ಲೆಡೆಯೂ ಇದ್ದದ್ದೇ. ಅದಕ್ಕಾಗಿ ಅಲುಗಾಡುವ ವೇದಿಕೆಯೊಂದನ್ನು ಮಾಡಿ, ಅದರ ಮೇಲೆ ಎರಡು ಚಿಕ್ಕ ಮನೆಗಳನ್ನು ಅಕ್ಕಪಕ್ಕ ಕಟ್ಟಿ, ಊರಮಂದಿಯ ಎದುರಿಗೇ ಅಲುಗಾಡಿಸಿ ತೋರಿಸಿದರು. ಸಾಮಗ್ರಿ ಒಂದೇ, ಕೆಲಸಗಾರರು ಅವರೇ. ಪಟ್ಟಿಯಿಲ್ಲದ ಮನೆ ಕಲ್ಲುರಾಶಿಯಾಯಿತು, ಪಟ್ಟಿಯಿದ್ದದ್ದು ಬಿರುಕು ಬಿಟ್ಟು ನಿಂತಿತು. ಬಿರುಕು ಬಿಟ್ಟರೂ ಒಳಗಿದ್ದವರು ಓಡಿ ಹೊರಬರಬಹುದು ಎಂಬುದು ಕಣ್ಣಾರೆ ಕಂಡ ಮೇಲೆ ಯಾವ ಮೇಸ್ತ್ರಿಗೂ ಭಾಷಣ ಬೇಕಾಗಲಿಲ್ಲ.

ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಮಾಡಿ ಹಳ್ಳಿಯ ಒಲೆ, ಗೋಬರ್ ಗ್ಯಾಸ್, ಮಣ್ಣಿನ ಮನೆಗಳ ಮೇಲೆ ದಶಕಗಟ್ಟಲೆ ದುಡಿಯಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಧಾರಿಸಿ ಬಳಕೆಗೆ ತಂದದ್ದು ಒತ್ತುಮಣ್ಣಿನ ಇಟ್ಟಿಗೆ. ಜಾಗದಲ್ಲೇ ಅಗೆದ ಮಣ್ಣಿಗೆ ಬೇಕಾದಷ್ಟು ಮರಳು, ಅಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೆರಳಲ್ಲಿ ನೀರುಣಿಸಿ ಗಟ್ಟಿ ಮಾಡುವುದು. ಸುಡುವ ಮಾತೇ ಇಲ್ಲದ್ದರಿಂದ, ಅಷ್ಟೇ ಗೋಡೆಗೆ ಸುಟ್ಟ ಇಟ್ಟಿಗೆ ನುಂಗುವ ಶಕ್ತಿಯ ಅರ್ಧಕ್ಕಿಂತ ಕಡಿಮೆ ಸಾಕು. ಭೂಕಂಪದ ನಂತರ ಜಗದೀಶ್ ಹಾಗೂ ಅವರ ಜತೆಗಾರರಾದ ರಘುನಾಥ್, ನಂಜುಂಡರಾವ್ ಕಛ್‌ನಲ್ಲಿ ಬಿದ್ದ, ನಿಂತ ಕಲ್ಲು–ಇಟ್ಟಿಗೆ ಕಟ್ಟಡಗಳ ಅಧ್ಯಯನ ಮಾಡಿ ವಿವರವಾಗಿ ಬರೆದರು. ಅಡ್ಡಪಟ್ಟಿಗಳಷ್ಟೇ ಸಾಲದು, ಗೋಡೆ ಹೊರಕ್ಕೆ ಬಾಗಿ ಮುರಿಯದಂತೆ ಅದರ ಎರಡೂ ಮುಖಕ್ಕೆ ಮೇಲಿಂದ ಕೆಳಕ್ಕೆ ತೆಳು ಸರಳು ಕೊಟ್ಟು ಹಿಡಿಯಬೇಕು ಎಂಬುದು ಅವರು ಮುಂದಿಟ್ಟ ವಿಧಾನ. ಮಣ್ಣಿನ ಮನೆಯೂ ವಿಜ್ಞಾನದ ವಸ್ತುವೇ, ಅದಕ್ಕೂ ಲೆಕ್ಕಾಚಾರವಿದೆ ಎಂಬುದನ್ನು ಕರ್ನಾಟಕದ ಈ ಕೆಲಸ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತ ಬಂದಿದೆ. ನಮ್ಮದೇ ಲೋಕೋಪಯೋಗಿ ಕಟ್ಟಡಗಳಲ್ಲಿ ಅದು ಅಪರೂಪಕ್ಕೂ ಕಾಣಸಿಗದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಭುಜ್‌ನಲ್ಲಿ ಭೂಕಂಪದ ನಂತರ ಹುಟ್ಟಿದ ಹುನ್ನರ್‌ಶಾಲಾ ಎಂಬ ಸಂಸ್ಥೆ ಇದೇ ದಾರಿಯಲ್ಲಿ ಮುಂದೆ ಹೋಯಿತು. ವಾಸ್ತುಶಿಲ್ಪಿಗಳೂ ಕುಶಲಕರ್ಮಿಗಳೂ ಒಂದೇ ಮೇಜಿನಲ್ಲಿ ಕೂರುವ ಜಾಗ ಅದು. ಮಣ್ಣನ್ನು ಪದರಪದರವಾಗಿ ದಿಮ್ಮಸು ಹೊಡೆದು ಎಬ್ಬಿಸುವ ಗೋಡೆ, ಕಡ್ಡಿ–ಮಣ್ಣಿನ ತಡಿಕೆ, ಹುಲ್ಲಿನ ಚಾವಣಿ, ಒಡೆದ ಮನೆಯ ಅವಶೇಷದಿಂದಲೇ ಹೊಸ ಗೋಡೆ, ಎಲ್ಲದರ ಮೇಲೂ ಪ್ರಯೋಗ ನಡೆಸಿದರು. ಶಾಲೆ ಬಿಟ್ಟ ಹುಡುಗರಿಗೆ ಗಾರೆ, ಬಡಗಿ ಕೆಲಸ ಕಲಿಸಲು ಕಾರಿಗರ್‌ಶಾಲಾ ತೆರೆದರು. 2008ರ ಕೋಸಿ ನೆರೆಯ ನಂತರ ಬಿಹಾರದಲ್ಲಿ ಬಿದಿರಿನ ಮನೆಗಳ ಕೆಲಸಕ್ಕೂ ಇದೇ ಗುಂಪು ಹೋಯಿತು, ಕಛ್‌ನ ಮಣ್ಣಿನ ಗೋಡೆಯನ್ನು ಅಲ್ಲಿಗೆ ಒಯ್ಯದೆ, ಅಲ್ಲಿನ ಬಿದಿರಿನಲ್ಲೇ ಕೆಲಸ ಮಾಡಿತು.

ಫಲ ಏನಾಯಿತು? ಜೆನಿಫರ್ ಡುಯ್ನೆ ಬಾರೆನ್‌ಸ್ಟೈನ್ ಎಂಬ ಸಂಶೋಧಕಿ ಗುಜರಾತಿನ ಬೇರೆಬೇರೆ ರೀತಿಯ ಮರುನಿರ್ಮಾಣಗಳನ್ನು ಹೋಲಿಸಿ 2006ರಲ್ಲಿ ವರದಿ ಪ್ರಕಟಿಸಿದರು. ತಾವೇ ನಿಂತು ಕಟ್ಟಿಸಿಕೊಂಡವರಲ್ಲಿ ಸಮಾಧಾನ ಹೆಚ್ಚು. ಗುತ್ತಿಗೆದಾರರು ಊರಾಚೆ ಕಟ್ಟಿಕೊಟ್ಟ ಮನೆಗಳವರಲ್ಲಿ ತೀರಾ ಕಡಿಮೆ. ಗುತ್ತಿಗೆಯ ಮನೆಗೆ ಹೆಚ್ಚು ಖರ್ಚಾದ ಕಡೆಯೂ ಇದೇ ಕಥೆ.

ಮೆಚ್ಚುವಾಗ ಕುಂದನ್ನೂ ಹೇಳಬೇಕು. ಹಣ ಕೈಗೆ ಬಂದ ಮೇಲೆ ಕಛ್‌ನ ಹೆಚ್ಚಿನ ಮನೆಗಳವರು ಮಣ್ಣನ್ನು ಬಿಟ್ಟು ಸಿಮೆಂಟ್ ಬ್ಲಾಕ್, ಮೋಲ್ಡ್‌ಗೆ ಹೋದರು. ಕಣ್ಣೆದುರಿಗೆ ಕಲ್ಲುಮಣ್ಣಿನ ಮನೆ ಕುಸಿದು ಮಕ್ಕಳನ್ನು ಕಳಕೊಂಡವರಿಗೆ ಮತ್ತೆ ಮಣ್ಣು ಹಿಡಿಯಿರಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಸಾಮಗ್ರಿಯ ಆಯ್ಕೆ ಅವರದೇ ಆಗಿರಬೇಕು. ಆದರೆ ಆಯ್ಕೆ ನಡೆಯುವುದು ಖಾಲಿ ಬಯಲಿನಲ್ಲಲ್ಲ. ಸರ್ಕಾರದ ದರಪಟ್ಟಿಯಲ್ಲಿ ಸಿಮೆಂಟ್ ಬ್ಲಾಕಿಗೆ ಸಿಗುವ ಜಾಗ ಮಣ್ಣಿನ ಗೋಡೆಗೆ ಸುಲಭವಾಗಿ ಸಿಗುವುದಿಲ್ಲ. ಬ್ಯಾಂಕಿನವರು ಮಣ್ಣಿನ ಮನೆಯನ್ನು ‘ಕಚ್ಚಾ’ ಎಂದು ಬರೆದುಕೊಂಡು ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ. ಗುಜರಾತಿನಲ್ಲಿ ಮಣ್ಣಿನ ಕಟ್ಟೋಣಕ್ಕೂ ನಿಯಮಾವಳಿ ರೂಪಿಸಿ ಸರ್ಕಾರದ ಒಪ್ಪಿಗೆ ಪಡೆದದ್ದು ಹಲವರ ಪಟ್ಟುಹಿಡಿದ ಓಡಾಟದಿಂದ. ಒಪ್ಪಿಗೆ ಸಿಕ್ಕಿದ ಮೇಲೆ ಬಯಸಿದವರಿಗಾದರೂ ದಾರಿ ತೆರೆಯಿತು.

ಇನ್ನೂ ದೊಡ್ಡ ಕುಂದು ಬಾಡಿಗೆದಾರರದು. ಮಾಲೀಕನಿಗೆ ಹಣ ಎಂದಾಗ ಮಾಲೀಕನಲ್ಲದವನು ಏನು ಮಾಡಬೇಕು? ಭುಜ್‌ನ ಹಳೆಯ ಕೋಟೆಯೊಳಗೆ ತಲೆಮಾರುಗಳಿಂದ ಅಗ್ಗದ ಬಾಡಿಗೆಗಿದ್ದ ಸಂಸಾರಗಳು ಮನೆಯನ್ನೂ ಕಳಕೊಂಡವು, ಪರಿಹಾರದ ಪಟ್ಟಿಯ ಹೊರಗೂ ಉಳಿದವು. ನಗರಗಳ ಮಟ್ಟಿಗೆ ಇದು ಮುಖ್ಯ ಪ್ರಶ್ನೆ. ಬೆಂಗಳೂರಿನಂಥ ಊರಿನಲ್ಲಿ ದುಡಿಯುವವರಲ್ಲಿ ಎಷ್ಟು ಮಂದಿ ಬಾಡಿಗೆಯವರು, ಎಷ್ಟು ಮಂದಿ ಹಕ್ಕುಪತ್ರವಿಲ್ಲದ ಶೆಡ್ಡಿನವರು ಎಂದು ನೆನೆದರೆ ಸಾಕು. ಜನರ ಸಹಭಾಗಿತ್ವ ಎನ್ನುವಾಗ ಜನ ಎಂಬ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಮೊದಲು ನೋಡಬೇಕಾಗುತ್ತದೆ.

ಭುಜ್ ನಗರದ ಮರುಯೋಜನೆಯಲ್ಲಿ ಒಂದು ಒಳ್ಳೆಯ ನಡೆಯೂ ಇತ್ತು. ಕೋಟೆಯೊಳಗಿನ ಗಲ್ಲಿಗಳನ್ನು ಅಗಲ ಮಾಡದೆ ಗತ್ಯಂತರವಿರಲಿಲ್ಲ. ರಸ್ತೆಗೆ ಬೇಕಾದ ಜಾಗವನ್ನು ರಸ್ತೆಬದಿಯ ಮನೆಗಳಿಂದಷ್ಟೇ ಕಿತ್ತುಕೊಳ್ಳುವ ಬದಲು ಇಡೀ ಪ್ರದೇಶದ ನಿವೇಶನಗಳನ್ನು ಒಟ್ಟು ಮಾಡಿ ಮರುಹಂಚಿದರು. ದೊಡ್ಡ ನಿವೇಶನದವರಿಂದ ಹೆಚ್ಚಿನ ಪಾಲು, ಚಿಕ್ಕವರಿಂದ ಕಡಿಮೆ. ಒಂದೊಂದು ವಾರ್ಡಿನವರನ್ನೂ ಕೂರಿಸಿ ನಕಾಶೆ ಹರಡಿ ಚರ್ಚಿಸಿದರು. ನಮ್ಮ ನಗರಗಳಲ್ಲಿ ರಸ್ತೆ ಅಗಲೀಕರಣವೆಂದರೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಗುರುತಿನಿಂದ ಜನಕ್ಕೆ ಗೊತ್ತಾಗುವ ಸಂಗತಿ.

ಕೆಲ ವರ್ಷಗಳ ನಂತರ ಭುಜ್‌ನ ಐದು ಸಂಸ್ಥೆಗಳು ಸೇರಿ ನಗರದ ಬಡವರೊಂದಿಗೆ ಕೆಲಸ ಶುರುಮಾಡಿದವು. ಹುನ್ನರ್‌ಶಾಲಾ ವಸತಿಗೆ, ಕಛ್ ಮಹಿಳಾ ವಿಕಾಸ್ ಸಂಘಟನ್ ಹೆಂಗಸರ ಸಂಘಟನೆಗೆ, ಬೇರೆಯವು ನೀರಿಗೆ, ಕಸಕ್ಕೆ, ವಾರ್ಡ್ ಸಭೆಗೆ. ರಾಮ್‌ದೇವ್ ನಗರದಂಥ ಕೊಳೆಗೇರಿಗಳಲ್ಲಿ ಕೇಂದ್ರದ ರಾಜೀವ್ ಆವಾಸ್ ಯೋಜನೆಯ ಹಣದಿಂದ ಮುನ್ನೂರಕ್ಕೂ ಹೆಚ್ಚು ಮನೆಗಳಾದವು. ಇಲ್ಲೂ ನಿವಾಸಿಗಳ ಸಮಿತಿಯೇ ಕೆಲಸ ನಡೆಸಿತು. ಮಹಡಿಮೇಲೆ ಮಹಡಿ ಪೇರಿಸದೆ ಇದ್ದ ಜಾಗದಲ್ಲೇ, ನಂಟರ ಮನೆಗಳು ಒಂದು ಅಂಗಳಕ್ಕೆ ಮುಖಮಾಡುವಂತೆ ವಿನ್ಯಾಸ. ಹಳೆಯ ಜೋಪಡಿಯ ಬಾಗಿಲು, ಕಿಟಕಿ ಹೊಸ ಮನೆಗೂ ಬಂದವು. ಕೋಣೆ ಎಷ್ಟು ದೊಡ್ಡದು, ಒಲೆ ಎಲ್ಲಿ, ಹೊಲಿಗೆ ಯಂತ್ರಕ್ಕೆ ಬೆಳಕು ಯಾವ ಕಡೆಯಿಂದ ಎಂಬುದನ್ನು ಆ ಮನೆಯ ಹೆಂಗಸು ಹೇಳಬೇಕೇ ಹೊರತು ಗಾಂಧಿನಗರದಲ್ಲೋ ದಿಲ್ಲಿಯಲ್ಲೋ ಕೂತವರಲ್ಲ.

ಭುಜ್‌ನಲ್ಲಿ ಇನ್ನೊಂದು ರೂಢಿಯಿದೆ, ನಗರ ಎಂದರೇನೆಂದು ಯೋಚಿಸುವವರು ಅದನ್ನು ತಿಳಿಯಬೇಕು. ಊರ ನಡುವೆ ಹಮೀರ್‌ಸರ್ ಎಂಬ ಕೆರೆ. ಹದಿನಾರನೇ ಶತಮಾನದ್ದು. ಮಳೆ ಕಮ್ಮಿಯ ಆ ಸೀಮೆಯಲ್ಲಿ ಸುತ್ತಲಿನ ಕಣಿವೆಗಳಿಂದ ಕಾಲುವೆ, ಸುರಂಗ ತೋಡಿ ನೀರು ತಂದು ತುಂಬಿಸಿದ್ದು. ಒಂದು ತುಂಬಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು. ಹಮೀರ್‌ಸರ್ ಕೋಡಿ ಬಿದ್ದ ದಿನ ನಗರಸಭೆಯವರು ಬಂದು ಬಾಗಿನ ಕೊಟ್ಟು ಪೂಜಿಸುತ್ತಾರೆ, ಊರಿಗೆ ರಜೆ, ಮೇಘ್ ಲಾಡು ಎಂದು ಲಾಡು ಹಂಚುತ್ತಾರೆ. ನಮ್ಮಲ್ಲೂ ಕೋಡಿ ಬಿದ್ದ ಕೆರೆಗೆ ಬಾಗಿನವಿದೆ, ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಯೂ ಇತ್ತು. ಭೂಕಂಪದ ನಂತರ ಊರು ಹೊರವಲಯಕ್ಕೆ ಬೆಳೆದಾಗ ಹಮೀರ್‌ಸರ್‌ಗೆ ನೀರು ತರುವ ಕಾಲುವೆಗಳ ಮೇಲೂ ಮಣ್ಣು ಬಿತ್ತು. ಆಗ ಊರಿನವರೇ ಕೆಲವರು ಸೇರಿ ಹಳೆಯ ಕಾಲುವೆಗಳ ಜಾಡು ಹಿಡಿದು, ನಕಾಶೆ ಮಾಡಿ, ನಗರಸಭೆಯ ಬೆನ್ನುಬಿದ್ದರು. ಕೋಡಿ ಬಿದ್ದರೆ ರಜೆ ಸಿಗುವ ಊರಿನಲ್ಲಿ ಕಾಲುವೆ ಎಲ್ಲಿತ್ತೆಂದು ಕೇಳುವವರು ಸಿಗುತ್ತಾರೆ.

ದೊಡ್ಡ ನಗರಕ್ಕೆ ಇದೆಲ್ಲ ಹೊಂದುತ್ತದೆಯೇ? ಹತ್ತು ಮಹಡಿಯ ಕಟ್ಟಡವನ್ನು ಮನೆಯವರೇ ನಿಂತು ಕಟ್ಟಿಸಿಕೊಳ್ಳಲಾಗದು, ನಿಜ. ಅಹಮದಾಬಾದ್‌ನಲ್ಲಿ ಕುಸಿದ ಫ್ಲಾಟುಗಳನ್ನು ಕೊಂಡವರಲ್ಲಿ ಎಷ್ಟು ಜನಕ್ಕೆ ತಮ್ಮ ಕಟ್ಟಡದ ಕಂಬದಲ್ಲಿ ಎಷ್ಟು ಸರಳಿದೆ ಎಂದು ತಿಳಿದಿತ್ತು? ತಿಳಿಯುವ ದಾರಿಯೇ ಇರಲಿಲ್ಲ. ಮಹಡಿ ಎಷ್ಟೇ ಇರಲಿ, ವಾಸಿಸುವವರ ಸಂಘಕ್ಕೆ ಕಟ್ಟುವ ಮೊದಲೇ ನಕ್ಷೆಯ ಮೇಲೆ, ಕಟ್ಟುವಾಗ ತಪಾಸಣೆಯ ಮೇಲೆ ಹಕ್ಕು ಇರಬೇಕೆಂಬುದು ಕಛ್ ಹೇಳುವ ಮಾತೇ. ಮತ್ತೆ, ನಮ್ಮ ನಗರಗಳ ಬಹುಪಾಲು ಇಂದಿಗೂ ಹತ್ತು ಮಹಡಿಯದಲ್ಲ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮೇಸ್ತ್ರಿಯೊಬ್ಬನನ್ನು ಹಿಡಿದು, ಚೀಟಿ ಎತ್ತಿದ ದುಡ್ಡಿನಲ್ಲಿ, ವರ್ಷಕ್ಕೊಂದು ಮಹಡಿಯಂತೆ ಎಬ್ಬಿಸಿದ ಮನೆಗಳೇ. ಜನ ಈಗಲೂ ತಾವೇ ಕಟ್ಟಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ನಿಲ್ಲಬೇಕಾದ ಎಂಜಿನಿಯರ್ ಮಾತ್ರ ಇಲ್ಲ. ಮೇಲೆ ಇನ್ನೊಂದು ಮೋಲ್ಡ್ ಹಾಕಿದರೆ ಕೆಳಗಿನ ಪಾಯ ತಡೆಯುತ್ತದೆಯೇ ಎಂದು ಕೇಳಲು ವಾರ್ಡ್ ಕಚೇರಿಯಲ್ಲಿ ಒಂದು ಕುರ್ಚಿಯಿಲ್ಲ.

2019ರ ನೆರೆಯ ನಂತರ ಕರ್ನಾಟಕ ಸರ್ಕಾರ ಪೂರ್ತಿ ಹಾಳಾದ ಮನೆಗೆ 5 ಲಕ್ಷ ರೂಪಾಯಿಯನ್ನು ಕಂತುಕಂತಾಗಿ ಮನೆಯವರಿಗೇ ಕೊಡುವುದೆಂದು ತೀರ್ಮಾನಿಸಿತು. ಆಸರೆಯ ಹಾದಿ ಬಿಟ್ಟು ಕಛ್‌ನ ಹಾದಿಗೆ ಇಟ್ಟ ದೊಡ್ಡ ಹೆಜ್ಜೆ ಅದು, ಸ್ವಾಗತಿಸಲೇಬೇಕು. ನಮ್ಮ ವಸತಿ ಯೋಜನೆಗಳಲ್ಲಿ ಕಂತು ಬಿಡುಗಡೆಯಾಗುವುದು ಜಿಪಿಎಸ್ ಫೋಟೊ ಆಧಾರದ ಮೇಲೆ: ಪಾಯದ ಫೋಟೊ, ಲಿಂಟಲ್ ಫೋಟೊ, ಚಾವಣಿಯ ಫೋಟೊ. ಗೋಡೆ ಎಷ್ಟೆತ್ತರಕ್ಕೆ ಬಂದಿದೆ ಎಂಬುದು ಆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಮೂಲೆಯಲ್ಲಿ ಸರಳು ಇದೆಯೇ, ಪಟ್ಟಿ ಸುತ್ತಲೂ ಕೂಡಿದೆಯೇ, ಪಾಯ ಕಳೆದ ನೆರೆಯ ನೀರಿನ ಮಟ್ಟಕ್ಕಿಂತ ಮೇಲಿದೆಯೇ ಎಂಬುದು ಕಾಣುವುದಿಲ್ಲ. ಫೋಟೊ ತೆಗೆಯಲು ಪಂಚಾಯಿತಿಯಿಂದ ಹೇಗೂ ಒಬ್ಬರು ಹೋಗುತ್ತಾರೆ. ಅವರ ಜತೆ ತರಬೇತಾದ ಒಬ್ಬ ಮೇಸ್ತ್ರಿ, ಹೋಬಳಿಗೊಬ್ಬ ಕಿರಿಯ ಎಂಜಿನಿಯರ್, ಮಣ್ಣಿನ ಇಟ್ಟಿಗೆ ಒತ್ತುವ ಒಂದೆರಡು ಯಂತ್ರ, ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ ಹೇಳುವ ಒಂದು ಕೋಣೆ. ಘಟಪ್ರಭಾ, ಮಲಪ್ರಭಾ ದಂಡೆಯ ಹೋಬಳಿಗಳಲ್ಲಿ ಇಷ್ಟನ್ನು ಮುಂದಿನ ಮುಂಗಾರಿಗೆ ಮೊದಲೇ ಶುರುಮಾಡಬಹುದು. ವಿದ್ಯೆ ಉಂಗ್ರದಲ್ಲೇ ಪಳಗಿದ್ದು, ಕಲಿಸಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ.